ಗಾಡಿ ಆಚಾರ್ರು ಕಟ್ಟಿದ ಕಾರು

ಗಾಡಿ ಆಚಾರ್ರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರ ಕಾರ್ಯಗಳೆಲ್ಲ ಮುಗಿದ ಮೇಲೆ. ಪಿರಿಯಾಪಟ್ಟಣದ ಕಡೆಯಿಂದ ನಮ್ಮ ಮಂಡಿಗೆ ಹುರುಳಿ ತಂದಿದ್ದ ರೈತನೊಬ್ಬ ಮೂಟೆ ಇಳಿಸಿ, ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಾ, “ನಿಮ್ಮ ಕಾರ್ ಕಟ್ಟಿದ್ ಆಚಾರ್ರು ಓಗ್ಬುಟ್ರಂತಲ್ಲ ಸಾವ್ಕಾರ್ರೇ, ಗೊತ್ತಾಯ್ತಾ?” ಅಂದ.

ನಾನು ತಕ್ಕಡಿಯ ಮುಂದೆ ಹಾಗೇ ನಿಂತೆ. ಸಾವಿನ ಸುದ್ದಿ ನನಗೆ ಅಷ್ಟು ಆಶ್ಚರ್ಯ ತರಲಿಲ್ಲ, ಅವರಿಗೆ ವಯಸ್ಸಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮೊದಲ ಮಾತು. ನಲವತ್ತು ವರ್ಷ ಎತ್ತಿನ ಗಾಡಿ ಕಟ್ಟಿದ ಮನುಷ್ಯ ಅವರು. ಈ ಸೀಮೆಯ ಅರ್ಧ ಹಳ್ಳಿಗಳ ಭತ್ತ, ರಾಗಿ, ಹೊಗೆಸೊಪ್ಪು, ಮದುವೆ ದಿಬ್ಬಣ ಎಲ್ಲ ಅವರು ಮಾಡಿದ ಗಾಲಿಯ ಮೇಲೆ ಉರುಳಿದ್ದವು. ಸತ್ತ ಮೇಲೆ ಅವರ ಗುರುತು ‘ಕಾರ್ ಕಟ್ಟಿದ ಆಚಾರ್ರು’ ಎಂದಾಗಿತ್ತು. ಹಾಗಾಗಲು ನಾನೇ ಕಾರಣ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುಣಸೂರಿನಲ್ಲಿ ಯಾರೂ ಅವರನ್ನು ಆ ಹೆಸರಿನಿಂದ ಕೂಗಿದ್ದನ್ನು ನಾನು ಕೇಳಿಲ್ಲ. ಬರೆದರೆ ಅದು ಬೇರೆ ಯಾರದೋ ಕತೆಯಂತೆ ಕಂಡೀತು.

ಲಕ್ಷ್ಮಣತೀರ್ಥದ ಸೇತುವೆಯ ಈಚೆಗೆ, ರಸ್ತೆ ಪಕ್ಕದ ಒಂದು ಹೊಂಗೆ ಮರದ ಕೆಳಗೆ ಅವರ ಚಪ್ಪರ. ಮರಕ್ಕೆ ಒರಗಿಸಿದ ನಾಲ್ಕಾರು ಗಾಲಿಗಳು ಯಾವಾಗಲೂ ಇರುತ್ತಿದ್ದವು. ಆಚಾರ್ರು ಕುಳ್ಳಗೆ, ತೋಳು ಮಾತ್ರ ಮೈಗೆ ಮೀರಿದ ದಪ್ಪ. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿಗೆ ದಾರ ಕಟ್ಟಿಕೊಂಡಿದ್ದರು. ಕಿವಿಯ ಮೇಲೆ ಒಂದು ಕೆಂಪು ಪೆನ್ಸಿಲು ಸದಾ ಇರುತ್ತಿತ್ತು. ಆದರೆ ಅವರು ಮರದ ಮೇಲೆ ಗುರುತು ಮಾಡುತ್ತಿದ್ದದ್ದು ಹೆಬ್ಬೆರಳ ಉಗುರಿನಿಂದ. “ಮತ್ತೆ ಪೆನ್ಸಿಲು ಯಾಕೆ ಆಚಾರ್ರೇ?” ಎಂದು ಒಮ್ಮೆ ಕೇಳಿದೆ. “ಬಂದೋರು ನಂಬ್ಬೇಕಲ್ಲ ಇವ್ನು ಆಚಾರಿ ಅಂತ” ಅಂದರು. ನಗಲಿಲ್ಲ. ಅವರು ತಮಾಷೆ ಮಾಡಿದಾಗ ನಗುತ್ತಿರಲಿಲ್ಲ. ಎದುರಿಗಿದ್ದವರು ನಕ್ಕರೆ ‘ಏನಾಯ್ತು?’ ಎನ್ನುವಂತೆ ನೋಡುತ್ತಿದ್ದರು.

ಗಾಡಿ ಬೇಕೆಂದು ಬಂದ ರೈತನ ಹತ್ತಿರ ಅವರು ಮೊದಲು ದುಡ್ಡಿನ ಮಾತಾಡುತ್ತಿರಲಿಲ್ಲ. ಎತ್ತಿಗೆ ಎಷ್ಟು ಹಲ್ಲು, ಎಡಗಡೆಯದು ಜೋರೋ ಬಲಗಡೆಯದೋ, ಗದ್ದೆಯಿಂದ ಮನೆಗೆ ಬರುವ ದಾರಿಯಲ್ಲಿ ಏರು ಎಷ್ಟು, ಹಳ್ಳ ಎಷ್ಟು ಎಂದೆಲ್ಲ ಕೇಳುವರು. ಕೆಲವು ಸಲ ಆ ದಾರಿಯನ್ನು ನೋಡಲು ತಾವೇ ನಡೆದು ಹೋಗುವರು. “ನಾನು ಎಂಥಾ ಆಚಾರಿ ಅಂತ ಎತ್ತಿನ ಎಗಲು ಯೋಳ್ತದೆ. ರೈತ ಸುಳ್ಳಾಡಬೌದು, ಎತ್ತು ಆಡಲ್ಲ” ಎನ್ನುವುದು ಅವರ ಮಾತು. ಸಂತೆಯ ದಿನ ರಸ್ತೆಗೆ ಬೆನ್ನು ಹಾಕಿ ಕೂತು ಕೆಲಸ ಮಾಡುತ್ತಲೇ, ಹಿಂದೆ ಹೋಗುವ ಗಾಡಿಗಳ ಸದ್ದು ಕೇಳಿ, “ಇದು ನಂದು. ಇದು ನಂದಲ್ಲ. ಇದು ನಂದೇಯ, ಆದ್ರೆ ಅಚ್ಚಿಗೆ ಎಣ್ಣೆ ಕಾಣ್ಸಿಲ್ಲ ಬಡ್ಡೀಮಗ” ಎನ್ನುತ್ತಿದ್ದರು.

ನಾನು ಆಗ ಮೂವತ್ತರ ಒಳಗಿನವನು. ಅಪ್ಪ ಮಂಡಿಯನ್ನು ನನ್ನ ಕೈಗೆ ಕೊಟ್ಟು ಲಿಂಗಪೂಜೆಗೆ ಕೂತಿದ್ದರು. ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು, ಕೊಡಗಿನ ಕಡೆಯ ತೋಟದ ಬಿಳಿ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟಿದ್ದರು. ಮೆಣಸು ಕೊಳ್ಳಲು ಪಿರಿಯಾಪಟ್ಟಣದಾಚೆ ಒಂದು ಬಂಗಲೆಗೆ ಹೋದವನು, ಅಲ್ಲಿನ ಕಾಫಿ ಉಗ್ರಾಣದ ಮೂಲೆಯಲ್ಲಿ, ಗೋಣಿಚೀಲಗಳ ಕೆಳಗೆ ಆ ಕಾರನ್ನು ಕಂಡೆ. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ನಿಲ್ಲಿಸಿದ್ದು ಮತ್ತೆ ಕದಲಿರಲಿಲ್ಲ. ಅದು ಕಟ್ಟಿ ಆಗಲೇ ಇಪ್ಪತ್ತೈದು ವರ್ಷ ಮೀರಿತ್ತು. ಮುಂದೆ ಎರಡು ಹಿತ್ತಾಳೆ ದೀಪ, ತೆಗೆದು ಹಾಕಬಹುದಾದ ಬಟ್ಟೆಯ ಮಾಡು, ಗಾಲಿಗಳಿಗೆ ಗಾಡಿಯ ಹಾಗೆ ನಡುವಿನಿಂದ ಅಂಚಿಗೆ ಚಾಚಿದ ಮರದ ಅರೆಕಾಲು. ಅದರ ಹಾಗೆ ಇನ್ನೊಂದು ಈ ಸೀಮೆಯಲ್ಲಿ ಇರಲಿಲ್ಲ. ಅದನ್ನು ಎದ್ದು ನಿಲ್ಲಿಸಿ ಹುಣಸೂರಿನ ಪೇಟೆಯಲ್ಲಿ ಓಡಿಸಬೇಕು ಎಂಬ ಆಸೆ ಆ ಗಳಿಗೆಯಲ್ಲೇ ನನ್ನ ತಲೆಗೆ ಹತ್ತಿತು. ಯಾಕೆ ಎಂದು ಈಗ ಕೇಳಿದರೆ ಉತ್ತರ ಹೇಳಲಾರೆ. ಆಗ ಯಾರೂ ಕೇಳಲಿಲ್ಲ. ಕೊಂಡು ಮನೆಗೆ ತಂದ ದಿನ ನನ್ನ ಹೆಂಡತಿ ಮಾತ್ರ, “ಎರಡು ಎತ್ತಿನ ಗಾಡಿ ಸೇರಿ ಎಳೆದುಕೊಂಡು ಬಂದ ಕಾರು. ಇದು ಮುಂದೆ ಯಾರನ್ನು ಎಳೆಯುತ್ತೋ” ಎಂದು ಗೊಣಗಿದಳು.

ಮೈಸೂರಿನಿಂದ ಬಂದ ಮೆಕ್ಯಾನಿಕ್ಕು ಎಂಜಿನ್ನನ್ನು ಬಿಚ್ಚಿ ನೋಡಿ, ಕಬ್ಬಿಣಕ್ಕೇನೂ ಆಗಿಲ್ಲ, ನಾಲ್ಕು ತಿಂಗಳಲ್ಲಿ ಓಡಿಸಿಕೊಡುತ್ತೇನೆ ಎಂದ. ಆಮೇಲೆ ಬಾಗಿಲಿನ ತಗಡನ್ನು ಒಂದು ಕಡೆ ಎತ್ತಿದ. ಒಳಗಿಂದ ಹಿಟ್ಟಿನಂಥ ಪುಡಿ ಸುರಿಯಿತು. ಆ ಕಾಲದ ಕಾರಿಗೆ ಒಳಗೆಲ್ಲ ಮರದ ಚೌಕಟ್ಟು, ಮೇಲೆ ತಗಡಿನ ಹೊದಿಕೆ. ಚೌಕಟ್ಟನ್ನು ಗೆದ್ದಲು ತಿಂದಿತ್ತು. ತಗಡು ಬರೀ ರೂಢಿಯಿಂದ ನಿಂತಿತ್ತು. “ಇದಕ್ಕೆ ನಾನಲ್ಲ ಸ್ವಾಮಿ, ಬಡಗಿ ಬೇಕು” ಎಂದ ಮೆಕ್ಯಾನಿಕ್ಕು.

ನಾನು ಆಚಾರ್ರ ಚಪ್ಪರಕ್ಕೆ ಹೋದೆ. ಅವರು ಕೇಳಿ ತಲೆಯಾಡಿಸಿಬಿಟ್ಟರು.

“ಅದು ನನ್ ಕೆಲ್ಸ ಅಲ್ಲ ಕಣ್ರೀ. ನಂಗೆ ಎತ್ತು ಎಳೆಯೋದು ಗೊತ್ತು. ಬೆಂಕಿ ಎಳೆಯೋದು ಗೊತ್ತಿಲ್ಲ.”

“ಒಂದು ಸಲ ಬಂದು ನೋಡಿ ಆಚಾರ್ರೇ. ಆಮೇಲೆ ಬೇಡ ಅನ್ನಿ.”

ನಾನು ನಾಲ್ಕು ಸಲ ಹೋದ ಮೇಲೆ ಬಂದರು. ಬಂದವರು ತಗಡು, ದೀಪ ಯಾವುದನ್ನೂ ನೋಡಲಿಲ್ಲ. ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅರೆಕಾಲನ್ನು ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿ ಇಟ್ಟರು. ಆಮೇಲೆ ಅರೆಕಾಲು ಗಾಲಿಯ ನಡುವಿನ ಗುಂಬದೊಳಕ್ಕೆ ಕೂತ ಜಾಗವನ್ನು ಹೆಬ್ಬೆರಳಿಂದ ಸವರುತ್ತಾ ತುಂಬ ಹೊತ್ತು ಕೂತುಬಿಟ್ಟರು. ಎದ್ದಾಗ ಅವರ ಮುಖ ಬೇರೆಯಾಗಿತ್ತು.

“ಯಾವನೋ ನಮ್ಮವ್ನೇ ಕಣ್ರೀ ಇದ್ನ ಮಾಡಿರೋನು. ನಮ್ಮಪ್ಪ ಕೂರುಸ್ತಿದ್ದಂಗೆ ಕೂರ್ಸವ್ನೆ. ಒಂದು ಎಳೆ ಎಚ್ಚಿಲ್ಲ, ಒಂದು ಎಳೆ ಕಮ್ಮಿ ಇಲ್ಲ. ಬಿಳೀ ಚರ್ಮದ ಆಚಾರಿ, ಸಮುದ್ರದ್ ಆಚೆ ಕೂತ್ಕಂಡು…” ಎಂದು ನಿಲ್ಲಿಸಿದರು. ಇನ್ನೊಂದು ಸಲ ಗಾಲಿಯನ್ನು ಮುಟ್ಟಿ, “ಅವನ್ ಕೆಲ್ಸ ಗೆದ್ಲು ತಿಂದದೆ. ಅಂಗೇ ಬುಡಬಾರ್ದು” ಅಂದರು.

ಹಾಗೆ ಒಪ್ಪಿಕೊಂಡರು. ನಾನು ಬಲವಂತ ಮಾಡಿದ್ದು ನಿಜ, ಆದರೆ ಕೊನೆಗೆ ಒಪ್ಪಿಸಿದ್ದು ಎಂದೂ ಕಾಣದ ಆ ಇನ್ನೊಬ್ಬ ಬಡಗಿ. ಕೂಲಿ ಎಷ್ಟೆಂದು ಕೇಳಿದೆ. ಹೇಳಿದರು, ನಾನು ಅದಕ್ಕಿಂತ ಹೆಚ್ಚೇ ಕೊಟ್ಟೆ, ವಾರ ತಪ್ಪಿಸದೆ ಕೊಟ್ಟೆ. ಕೊಟ್ಟುದರಿಂದ ನನ್ನ ಪಾಲಿನದು ಮುಗಿಯಿತು ಎಂದುಕೊಂಡಿದ್ದೆ.

ಐದು ತಿಂಗಳು ಎಂದಿದ್ದರು. ಎರಡು ವರ್ಷದ ಮೇಲೆ ಹಿಡಿಯಿತು. ಕಾರನ್ನು ಅವರ ಚಪ್ಪರಕ್ಕೇ ತಂದು ನಿಲ್ಲಿಸಿದೆವು. ಮಾದರಿಗೆ ಒಂದು ತುಂಡು ಮರವೂ ಉಳಿದಿರಲಿಲ್ಲ, ಹೊರಗೆ ತೆಗೆದದ್ದೆಲ್ಲ ಕೈಯಲ್ಲಿ ಪುಡಿಯಾಗುತ್ತಿತ್ತು. ತಗಡಿನ ಬಾಗು ನೋಡಿ ಒಳಗಿನ ಮರದ ಬಾಗನ್ನು ಊಹಿಸಬೇಕಾಗಿತ್ತು. ಒಂದೊಂದು ತುಂಡನ್ನೂ ಎರಡು ಸಲ, ಮೂರು ಸಲ ಮಾಡಿದರು. ನೇಗಿಲಿಗೂ ಗಾಡಿಗೂ ಕೆಲಸ ಮಾಡುವಾಗ ಅವರು ನೆಲದ ಮೇಲೆ ಕೂತು, ಮರವನ್ನು ಕಾಲಿನ ಬೆರಳಲ್ಲಿ ಅದುಮಿ ಹಿಡಿದು ಬಾಚಿ ಬೀಸುವವರು. ಕಾರಿನೊಳಗೆ ಅದು ನಡೆಯದು. ದಿನವಿಡೀ ಬಗ್ಗಿ ನಿಲ್ಲಬೇಕು. ಮೊದಲ ವರ್ಷ ಕಳೆಯುವಷ್ಟರಲ್ಲಿ ಅವರು ನೆಟ್ಟಗೆ ನಿಲ್ಲಲು ಒಂದು ಕೈಯನ್ನು ಸೊಂಟದ ಮೇಲಿಟ್ಟು, ಇನ್ನೊಂದರಿಂದ ಕಂಬ ಹಿಡಿಯಬೇಕಾಯಿತು. ನಾನು ನೋಡಿದೆ. ಮೈಸೂರಿನಿಂದ ಒಂದು ಡಬ್ಬಿ ಮುಲಾಮು ತರಿಸಿ ಕೊಟ್ಟೆ.

ಬಾಗಿಸಲು ಬೇಕಾದ ಮರ ತಡಸಲು. ಅದು ಬಾಗುತ್ತದೆ, ಮುರಿಯುವುದಿಲ್ಲ. ಅಂತರಸಂತೆ ಕಡೆಯ ಕಾಡಿನ ಒಳ್ಳೆಯ ತಡಸಲು ಅವರ ಮನೆಯ ಅಟ್ಟದ ಮೇಲೆ ಇತ್ತು, ಅವರ ಅಪ್ಪ ಇಳಿವಯಸ್ಸಿನಲ್ಲಿ ಕೊಯ್ಯಿಸಿ ಒಣಗಲು ಇಟ್ಟದ್ದು. ಹತ್ತಾರು ಗಾಡಿಗಳಿಗೆ ನೊಗ ಕಟ್ಟುವ ಮೂಕಿಮರಕ್ಕೆ ಆಗುವಷ್ಟು. ಅದು ಎಲ್ಲಿಂದ ಬಂತು ಎಂದು ನಾನು ಕೇಳಿರಲಿಲ್ಲ. ಮುಗಿದ ಮೇಲೆ ಅವರ ಹೆಂಡತಿ ಹೇಳಿದರು. “ಅಟ್ಟ ಕಾಲಿ ಆಯ್ತು ಸಾವ್ಕಾರ್ರೇ. ಇಲಿ ಓಡಾಡುದ್ರೂ ಈಗ ಕೇಳ್ತದೆ.”

ಆ ತಾಯಿಯೂ ದಿನವೆಲ್ಲ ದುಡಿದರು. ಅಂಗಡಿಯ ಉಜ್ಜುಕಾಗದ ಆಚಾರ್ರಿಗೆ ಒಗ್ಗಲಿಲ್ಲ. ಬೇಲಿಯಲ್ಲಿ ಸಿಗುವ, ನಾಲಿಗೆಯಂತೆ ಒರಟಾದ ಗರಗತ್ತಿ ಎಲೆಯೇ ಆಗಬೇಕು. ಎಲೆ ತಂದು, ಮರ ಕನ್ನಡಿಯಾಗುವ ತನಕ ಉಜ್ಜುವುದು ಆಕೆಯ ಕೆಲಸ. ಮರ ನುಣುಪಾಗುವುದಕ್ಕೆ ಮುಂಚೆ ಬೆರಳು ನುಣುಪಾದವು. ಕಾದ ಪಾತ್ರೆ ಹಿಡಿದರೆ ಬಿಸಿ ಗೊತ್ತಾಗುವುದು ತಡ ಎಂದು ನಗುತ್ತಿದ್ದರು. “ಈ ಕಾರು ಇನ್ನೂ ಎಷ್ಟು ತಿಂಗ್ಳ ಬಸುರಿ ಸಾವ್ಕಾರ್ರೇ? ಆನೇನಾದ್ರೂ ಎರ್ತದಾ?” ಎಂದು ನನ್ನನ್ನೇ ಕೇಳುವರು. ನಾನೂ ನಗುತ್ತಿದ್ದೆ.

ಈಗ ನೆನೆದರೆ ನನಗೆ ತೀರಾ ಬೇಸರ ತರುವುದು ಒಂದು ಕುರ್ಚಿ. ಕೆಲಸ ನೋಡಲು ಮಧ್ಯಾಹ್ನ ಮಂಡಿ ಬಿಟ್ಟು ಬರುತ್ತಿದ್ದ ನನಗೆ ಕೂರಲು ಅನುಕೂಲವಿರಲಿ ಎಂದು ಮನೆಯಿಂದ ಒಂದು ಬೆತ್ತದ ಕುರ್ಚಿ ಕಳಿಸಿ ಚಪ್ಪರದ ಬಾಯಲ್ಲೇ ಹಾಕಿಸಿದ್ದೆ. ಮುಂಚೆ ರೈತರು ನೇರ ಒಳಗೆ ಬಂದು, ಮರದ ದಿಮ್ಮಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು ತಮ್ಮ ಗಾಡಿಯ ಕಷ್ಟ ಹೇಳುತ್ತಿದ್ದರು. ನಾನು ಕೂರಲು ಶುರುಮಾಡಿದ ಮೇಲೆ ಅವರು ರಸ್ತೆಯಲ್ಲೇ ನಿಂತರು. ಅವರಲ್ಲಿ ಹೆಚ್ಚಿನವರು ನಮ್ಮ ಮಂಡಿಗೆ ಧಾನ್ಯ ಹಾಕುವವರು. ಸಾವುಕಾರನ ಮುಂದೆ ದಿಮ್ಮಿಯ ಮೇಲೆ ಕೂತು ಕಾಲು ಚಾಚಲು ಯಾರಿಗೆ ಮನಸ್ಸು ಬರುತ್ತದೆ? ನಿಂತು ನೋಡಿ, “ಆಮ್ಯಾಕ್ ಬತ್ತೀನಿ ಆಚಾರ್ರೇ” ಎಂದು ಹೋಗುವರು. ಆ ‘ಆಮ್ಯಾಕೆ’ ಎಷ್ಟು ಜನ ಬಂದರೋ ನಾನು ಲಕ್ಷ್ಯ ಕೊಡಲಿಲ್ಲ.

ಎರಡನೆಯ ವರ್ಷದ ಕುಯ್ಲಿನ ಕಾಲ. ಹಿಂದಿನ ಬಾಗಿಲಿನ ಮೇಲೆ ಬರುವ ದೊಡ್ಡ ಬಾಗು ಮರವನ್ನು ಆಚಾರ್ರು ಎಂಟು ದಿನ ಹೊಳೆಯಲ್ಲಿ ನೆನೆಹಾಕಿ, ಅವತ್ತು ಕೆಂಡದ ಮೇಲೆ ಹಸಿ ಗೋಣಿ ಸುತ್ತಿ ಕಾಯಿಸುತ್ತಿದ್ದರು. ಕಾದ ಮರವನ್ನು ಗೂಟಗಳ ನಡುವೆ ಒಂದೊಂದೇ ಅಂಗುಲ ಬಗ್ಗಿಸಬೇಕು. ನಡುವೆ ಬಿಟ್ಟರೆ ಮರ ಮೊದಲಿನಂತೆ ನೆಟ್ಟಗಾಗಿಬಿಡುತ್ತದೆ, ಇಲ್ಲ ಸೀಳುತ್ತದೆ. ಅಂಥಾ ಎರಡು ಮರ ಆಗಲೇ ಸೀಳಿದ್ದವು. ಅಟ್ಟದಲ್ಲಿ ಅಷ್ಟು ಉದ್ದದ್ದು ಅದೇ ಕೊನೆಯದು.

ಆಗ ಕಟ್ಟೆಮಳಲವಾಡಿಯ ಒಬ್ಬ ರೈತ ಬಂದ. ಆಚಾರ್ರ ಹಳೆಯ ಗಿರಾಕಿ, ಅವನ ಅಪ್ಪನಿಗೂ ಗಾಡಿ ಕಟ್ಟಿದವರು ಇವರೇ. ಮುರಿದ ಗಾಲಿಯನ್ನು ಯಾರದೋ ಗಾಡಿಯ ಮೇಲೆ ಹೇರಿಕೊಂಡು ಬಂದಿದ್ದ. ಮೂರು ಅರೆಕಾಲು ಹೋಗಿದ್ದವು.

“ಭತ್ತ ಕೂದು ಗದ್ದೇಲೇ ಬಿದ್ದದೆ ಆಚಾರ್ರೇ. ಮೂಡ್ಲಾಗೆ ಮೋಡ ಅಟ್ತಾ ಅದೆ. ಇವತ್ತು ಗಾಲಿ ಆದ್ರೆ ನಾಳೆ ಕಣಕ್ಕೆ ಒಡ್ಕತೀನಿ.”

ಆಚಾರ್ರು ಕೆಂಡದ ಹೊಗೆಯಲ್ಲಿ ಎರಡೂ ಕೈಯಿಂದ ಮರ ಹಿಡಿದು ನಿಂತಿದ್ದರು. ಅವರು ಬಾಯಿ ತೆರೆಯುವ ಮುಂಚೆ ನಾನು ಕುರ್ಚಿಯಿಂದಲೇ ಹೇಳಿದೆ, “ನೋಡ್ತಾ ಇಲ್ವೇನಪ್ಪಾ, ಆಚಾರ್ರಿಗೆ ಬಿಡುವಿಲ್ಲ. ನಾಳಿದ್ದು ಬಾ.”

ಅವನು ನನ್ನ ಕಡೆ ತಿರುಗಲಿಲ್ಲ. “ಆಚಾರ್ರೇ, ನೀವು ಯೋಳಿ” ಅಂದ.

ಆಚಾರ್ರು ಮೊದಲು ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಮರವನ್ನು ನೋಡಿದರು. ಅವರ ಮುಂಗೈಯ ನರ ಉಬ್ಬಿದ್ದವು.

“ನಾಳಿದ್ದು ಬಾಪ್ಪ” ಅಂದರು.

ರೈತ ಗಾಲಿಯನ್ನು ಅಲ್ಲಿ ಬಿಟ್ಟು ಹೋಗಲಿಲ್ಲ. ಮತ್ತೆ ಗಾಡಿಗೆ ಹೇರಿಕೊಂಡು ಹೊರಟ. ಮರ ಸೀಳಲಿಲ್ಲ. ಚೆನ್ನಾಗಿ ಬಾಗಿತು. ನಾನು ಖುಷಿಯಿಂದ ಮನೆಗೆ ಹೋಗಿ ಹೆಂಡತಿಗೆ ಅದನ್ನೇ ಹೇಳಿದೆ.

ಮಾರನೆಯ ದಿನ ಮಧ್ಯಾಹ್ನದಿಂದ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ಗದ್ದೆಯಲ್ಲಿ ಬಿದ್ದ ಭತ್ತ ತೆನೆಯಲ್ಲೇ ಮೊಳಕೆ ಬಂತು. ಆ ರೈತನೊಬ್ಬನದೇ ಅಲ್ಲ, ಹಲವರದು ಹಾಗಾಯಿತು. ಆದರೆ ಅವನದು ಆಗಬೇಕಾಗಿರಲಿಲ್ಲ.

ಮಳೆ ನಿಂತ ದಿನ ನಾನು ಚಪ್ಪರಕ್ಕೆ ಹೋದರೆ ಆಚಾರ್ರು ಇರಲಿಲ್ಲ. ಉಳಿ, ಬಾಚಿ, ಮೂರು ಅರೆಕಾಲಿಗೆ ಆಗುವಷ್ಟು ಜಾಲಿಯ ಮರ ಹೊತ್ತುಕೊಂಡು ಕಟ್ಟೆಮಳಲವಾಡಿಗೆ ನಡೆದು ಹೋಗಿದ್ದರು. ಆ ಸೊಂಟದಲ್ಲಿ, ಆ ಕೆಸರಿನಲ್ಲಿ. ಮಾರನೆಯ ದಿನ ಮರ ಹೆರೆಯುತ್ತಾ, ತಲೆ ಎತ್ತದೆ ನನಗೆ ಅದನ್ನು ಹೇಳಿದರು. ಹೋದಾಗ ಗಾಲಿ ಆಗಲೇ ದುರಸ್ತಿಯಾಗಿ ಗಾಡಿಗೆ ಕೂತಿತ್ತಂತೆ. ಕೃಷ್ಣರಾಜನಗರದ ಕಡೆಯ ಇನ್ನೊಬ್ಬ ಬಡಗಿಯ ಕೈಯಲ್ಲಿ ಮಾಡಿಸಿದ್ದನಂತೆ.

“ಏನಂದ ಅವನು?” ಎಂದು ಕೇಳಿದೆ.

“ಏನೂ ಅನ್ನಲಿಲ್ಲ. ಕಾಲಿಗೆ ನೀರು ಕೊಟ್ಟ. ಚಾಪೆ ಆಸ್ದ. ಉಂಡ್ಕಂಡು ಓಗಿ ಆಚಾರ್ರೇ ಅಂದ.”

“ಊಟ ಮಾಡಿದ್ರಾ?”

“ಮಾಡ್ದೆ. ಬೇಡ ಅನ್ನಕ್ ಆಯ್ತದಾ? ಮೊಳ್ಕೆ ವಾಸ್ನೆ ಮನೆ ತುಂಬ ಇತ್ತು.” ಮರ ಹೆರೆಯುವ ತೋಪಡವನ್ನು ಒಂದು ಸಲ ಉದ್ದಕ್ಕೆ ಎಳೆದು ನಿಲ್ಲಿಸಿದರು. “ಬೈದಿದ್ರೆ ಚೆಂದಾಗಿತ್ತು ಕಣ್ರೀ. ನೆಂಟರಿಗೆ ಬಡುಸ್ದಂಗೆ ಬಡುಸ್ದ. ನಾನು ಅವ್ನಿಗೆ ನೆಂಟ ಆಗ್ಬುಟ್ಟೆ.”

ಆ ಮಾತಿನ ಅರ್ಥ ನನಗೆ ಆವತ್ತು ಆಗಲಿಲ್ಲ. ನೆಂಟನಾದವನಿಗೆ ಯಾರೂ ಕೆಲಸ ಹೇಳುವುದಿಲ್ಲ.

ಕಾರು ಮುಗಿಯಿತು. ಕಪ್ಪು ಬಣ್ಣ ಹೊಳೆಯುತ್ತಿತ್ತು, ಹಿತ್ತಾಳೆ ದೀಪಗಳಲ್ಲಿ ನೋಡುವವರ ಮುಖ ಕಾಣುತ್ತಿತ್ತು. ಬಾಗಿಲು ಹಾಕಿದರೆ ಬೀರುವಿನ ಬಾಗಿಲು ಕೂತಂತೆ ಮೆತ್ತಗೆ ಕೂರುತ್ತಿತ್ತು. ಪೇಟೆಯವರೆಲ್ಲ ಬಂದು ನೋಡಿದರು. ಮೊದಲ ಸವಾರಿಗೆ ನಾನು ಆಚಾರ್ರನ್ನೇ ಕರೆದೆ. ಒಗೆದ ಪಂಚೆ, ತೋಳಿಗೆ ಬಿಗಿಯಾದ ಹಳೆಯ ಕೋಟು ಹಾಕಿಕೊಂಡು ಬಂದರು. ಮುಂದೆ ಕೂರಿ ಎಂದರೆ ಒಪ್ಪದೆ ಹಿಂದೆ ಕೂತರು. ಮೆಕ್ಯಾನಿಕ್ಕು ಓಡಿಸಿದ, ನಾನು ಅವನ ಪಕ್ಕ. ಪಿರಿಯಾಪಟ್ಟಣದ ರಸ್ತೆ ಹಿಡಿದೆವು. ತಿರುಗಿ ನೋಡಿದರೆ ಆಚಾರ್ರು ಹೊರಗಿನ ಹೊಲಗದ್ದೆ ನೋಡುತ್ತಿರಲಿಲ್ಲ. ಬಾಗಿಲಿನ ಕಂಬಕ್ಕೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತಿದ್ದರು.

“ಹೇಗಿದೆ ಆಚಾರ್ರೇ?”

“ಮಾತಾಡ್ಬೇಡಿ, ಕೇಳಲ್ಲ” ಅಂದರು.

ನಾಲ್ಕೈದು ಮೈಲಿ ಹೋದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿ ಸಿಕ್ಕಿತು. ಮೆಕ್ಯಾನಿಕ್ಕು ಹಾರನ್ನು ಹೊಡೆದ. ಎತ್ತುಗಳು ಬೆದರಿ ಗಾಡಿಯನ್ನು ಚರಂಡಿಯ ಅಂಚಿಗೆ ಎಳೆದವು. ಒಂದು ಗಾಲಿ ಅರ್ಧ ಗಾಳಿಯಲ್ಲಿ ನಿಂತಿತು. ಗಾಡಿಯವನು ಕೆಳಗೆ ಹಾರಿ ಎತ್ತಿನ ಮೂಗುದಾರ ಹಿಡಿದು ಜಗ್ಗುತ್ತಿದ್ದ. ಕಾರು ಪೂರ್ತಿ ನಿಲ್ಲುವ ಮುಂಚೆ ಆಚಾರ್ರು ಇಳಿದುಬಿಟ್ಟಿದ್ದರು. ಓಡಿ ಹೋಗಿ ಗಾಲಿಗೆ ಹೆಗಲು ಕೊಟ್ಟರು. ನಾವೂ ಕೈ ಹಾಕಿದೆವು. ಗಾಡಿ ರಸ್ತೆಗೆ ಬಂದ ಮೇಲೆ ಅವರು ಬಗ್ಗಿ, ಗಾಲಿ ಕಳಚದಂತೆ ತಡೆಯುವ ಕಡಾಣಿಯನ್ನು ಮುಟ್ಟಿ ನೋಡಿದರು, ಅರೆಕಾಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದರು. ಅದು ಅವರೇ ಕಟ್ಟಿದ ಗಾಡಿ.

ಗಾಡಿಯವನು ತಲೆಯ ವಸ್ತ್ರ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೈ ಮುಗಿದು ನಿಂತಿದ್ದ. “ತೆಪ್ಪಾಯ್ತು ಸ್ವಾಮಿ. ಎತ್ತು ಒಸಾವು ಸ್ವಾಮಿ” ಎನ್ನುತ್ತಿದ್ದ.

“ನಾನು ಕಣ್ಲಾ. ಆಚಾರಿ.”

ಅವನು ಅವರ ಕೋಟು ನೋಡಿದ, ಹಿಂದೆ ನಿಂತಿದ್ದ ಕಾರು ನೋಡಿದ. ಗುರುತು ಸಿಕ್ಕಿತು. ಆದರೂ ಮುಗಿದ ಕೈ ಇಳಿಯಲಿಲ್ಲ. “ಗೊತ್ತಾಗ್ಲಿಲ್ಲ ಸ್ವಾಮಿ” ಅಂದ.

ಆಚಾರ್ರು ಕೋಟು ಬಿಚ್ಚಿ, ಮಡಿಸಿ, ಗಾಡಿಯೊಳಕ್ಕೆ ಇಟ್ಟರು.

“ನೀವು ನಡೀರಿ ಸಾವ್ಕಾರ್ರೇ. ನಾನು ಇವನ್ ಜೊತೇಲಿ ಬತ್ತೀನಿ” ಅಂದರು.

ನಾನು ಏನೇನೋ ಹೇಳಿದೆ. ಅವರು ಗಾಡಿ ಹತ್ತಿ ಕೂತಾಗಿತ್ತು. ಮತ್ತೆ ಆ ಕಾರಿನಲ್ಲಿ ಅವರು ಕೂರಲಿಲ್ಲ.

ಆಮೇಲೆ ನಡೆದದ್ದು ಹೇಳಲು ಹೆಚ್ಚೇನಿಲ್ಲ. ಕಾರು ಹೋದ ಮೇಲೆ ಚಪ್ಪರ ಖಾಲಿಯಾಯಿತು, ಗಾಡಿಗಳು ಮಾತ್ರ ವಾಪಸು ಬರಲಿಲ್ಲ. ಎರಡು ಬಿತ್ತನೆ, ಎರಡು ಕುಯ್ಲು ಕಳೆದಿದ್ದವು. ಅಷ್ಟರಲ್ಲಿ ರೈತರು ಬೇರೆ ಬೇರೆ ಬಡಗಿಗಳನ್ನು ರೂಢಿ ಮಾಡಿಕೊಂಡಿದ್ದರು. ಯಾರೂ ಮುನಿಸಿಕೊಂಡಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುವರು, “ನಮ್ಮಂಥೋರ ಕೆಲ್ಸ ಈಗ ಎಲ್ಲಿ ಮಾಡೀರಿ ಆಚಾರ್ರೇ” ಎಂದು ಗೌರವದಿಂದಲೇ ಹೇಳಿ ಮುಂದೆ ಹೋಗುವರು. ಕಾರು ಕಟ್ಟಿದವರಿಗೆ ಮುರಿದ ನೊಗ ತೋರಿಸಲು ಅವರಿಗೆ ಸಂಕೋಚ. ಇನ್ನೊಂದು ಕಾರನ್ನು ಕಟ್ಟಿಸಲು ಈ ಸೀಮೆಯಲ್ಲಿ ಯಾರಿದ್ದರು?

ನಾನು ನಮ್ಮ ಮಂಡಿಗೆ ಎರಡು ದೊಡ್ಡ ಪೆಟ್ಟಿಗೆ ಮಾಡಿಸಿದೆ. ಬೇಡದಿದ್ದರೂ ಮೂರನೆಯದು ಮಾಡಿಸಿದೆ. ಮೂರನೆಯದನ್ನು ತಂದುಕೊಟ್ಟಾಗ ಅವರು, “ಇನ್ನು ಸಾಕು ಕಣ್ರೀ. ತುಂಬ್ಸಕ್ಕೆ ಏನಾದ್ರೂ ಇದ್ರೆ ಪೆಟ್ಟಿಗೆ ಮಾಡುಸ್ಬೇಕು” ಅಂದರು. ಸಂತೆಯ ದಿನ ರಸ್ತೆಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟರು. ಗಾಡಿಗಳು ಹೋಗುವಾಗ ಒಳಗೆದ್ದು ಹೋಗುತ್ತಿದ್ದರು. ಸೊಂಟ ಪೂರ್ತಿ ಸೋತ ವರ್ಷ ಚಪ್ಪರ ಬಿಚ್ಚಿ, ಪಿರಿಯಾಪಟ್ಟಣದ ಹತ್ತಿರ ಮಗಳನ್ನು ಕೊಟ್ಟ ಊರಿಗೆ ಗಂಡ ಹೆಂಡತಿ ಹೊರಟುಹೋದರು.

ಕಾರಿನ ಕತೆಯನ್ನೂ ಹೇಳಿಬಿಡುತ್ತೇನೆ. ಮೂರು ವರ್ಷ ಓಡಿಸಿದೆ. ಮೊದಲ ವರ್ಷ ಜನ ನಿಂತು ನೋಡುತ್ತಿದ್ದರು, ಎರಡನೆಯ ವರ್ಷ ನೋಡಲಿಲ್ಲ, ಮೂರನೆಯ ವರ್ಷ ನನಗೇ ಸಾಕಾಯಿತು. ಆ ಅಳತೆಯ ಟೈರು ಎಲ್ಲೂ ಸಿಗುತ್ತಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ನಂಜನಗೂಡಿಗೆ ಹೊರಟರೆ ನಡುದಾರಿಯಲ್ಲಿ ನಿಲ್ಲುತ್ತಿತ್ತು, ನನ್ನ ಹೆಂಡತಿ ಮಾತಾಡದೆ ಇಳಿದು ಬಸ್ಸಿಗೆ ಕೈ ತೋರಿಸುತ್ತಿದ್ದಳು. ಕೊನೆಗೆ ಒಬ್ಬನಿಗೆ ಮಾರಿದೆ. ಅವನಿಗೆ ಬೇಕಾಗಿದ್ದದ್ದು ನೀರೆತ್ತಲು ಎಂಜಿನ್ನು. ಅದನ್ನು ಬಿಚ್ಚಿಕೊಂಡು, ಮಿಕ್ಕಿದ್ದನ್ನು ಬಾವಿಯ ಪಕ್ಕ ಬಿಸಿಲಿಗೆ ಬಿಟ್ಟ. ಒಮ್ಮೆ ಆ ಕಡೆ ಹೋದಾಗ ದೂರದಿಂದಲೇ ನೋಡಿ ತಿರುಗಿ ಬಂದೆ. ಒಂದು ಬಾಗಿಲು ತೆರೆದುಕೊಂಡಿತ್ತು. ಒಳಗೆ ಕೋಳಿಗಳಿದ್ದವು.

ಆಚಾರ್ರನ್ನು ನಾನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಪಿರಿಯಾಪಟ್ಟಣದ ಬಸ್ ನಿಲ್ಲುವ ಜಾಗದಲ್ಲಿ. ಹೊಗೆಸೊಪ್ಪಿನ ಲೆಕ್ಕದ ಮೇಲೆ ಹೋಗಿದ್ದೆ. ಕೋಲೂರಿಕೊಂಡು ನಿಂತಿದ್ದ ಅವರನ್ನು ನಾನು ಗುರುತಿಸುವ ಮುಂಚೆ ಅವರು ನನ್ನನ್ನು ಕಂಡು ಹತ್ತಿರ ಬಂದರು. ಅಪ್ಪನ ಆರೋಗ್ಯ ಕೇಳಿದರು, ಮಕ್ಕಳನ್ನು ಕೇಳಿದರು. ಆಮೇಲೆ ಕೇಳಿದರು:

“ಕಾರು ಎಂಗದೆ?”

ಬಸ್ಸು ಬಂದು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. “ಚೆನ್ನಾಗಿದೆ ಆಚಾರ್ರೇ” ಅಂದುಬಿಟ್ಟೆ.

ಅವರು ತಲೆಯಾಡಿಸಿದರು. “ಬಲಗಡೆ ಇಂದ್ಲ ಬಾಗ್ಲು ಮಳೇಲಿ ಒಸಿ ಉಬ್ತದೆ. ಬಿಗಿ ಆದ್ರೆ ಜೋರಾಗಿ ಎಳೀಬೇಡಿ. ಒಂದಿನ ಈ ಕಡೆ ತಕಂಡ್ ಬನ್ನಿ, ಎರಡು ಸಲ ತೋಪಡ ಎಳೆದು ಕೊಡ್ತೀನಿ. ಅಷ್ಟು ಕೈಲಾಯ್ತದೆ.”

“ತರ್ತೀನಿ ಆಚಾರ್ರೇ” ಎಂದು ಬಸ್ಸು ಹತ್ತಿದೆ.

ಸುದ್ದಿ ತಿಳಿದ ಮಾರನೆಯ ದಿನ ಅವರ ಮಗಳ ಊರಿಗೆ ಹೋದೆ. ಆಚಾರ್ರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನನ್ನನ್ನು ನೋಡಿ ಎದ್ದು ಮಣೆ ಹಾಕಿದರು. ಅವರು ಅಳಲಿಲ್ಲ. ಹೇಗೆ ಹೋದರು, ಎಷ್ಟು ದಿನ ಮಲಗಿದ್ದರು ಎಂದು ಹೇಳಿದರು. ನನಗೆ ಅವೆಲ್ಲ ಕಿವಿಯ ಮೇಲೆ ಬಿದ್ದು ಹೋಗುತ್ತಿದ್ದವು. ಎಷ್ಟು ಹೊತ್ತಿಗೆ ಹೇಳಿಬಿಟ್ಟೇನೋ ಎಂದು ಕಾದಿದ್ದೆ. ಹೇಳಿಬಿಟ್ಟೆ.

“ಅಮ್ಮ, ಅವತ್ತು ಬಸ್ಸಿನ ಹತ್ರ ನಾನು ಆಚಾರ್ರಿಗೆ ಸುಳ್ಳು ಹೇಳಿದೆ. ಕಾರು ಇರಲಿಲ್ಲ. ಅದನ್ನ ಮಾರಿ ವರ್ಷ ಆಗಿತ್ತು.”

ಆಕೆ ಕೈಯಲ್ಲಿದ್ದ ಕಾಯಿಯನ್ನು ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ಇಟ್ಟರು.

“ಅವ್ರಿಗೆ ಗೊತ್ತಿತ್ತು ಬುಡಿ ಸಾವ್ಕಾರ್ರೇ. ಬಾವಿ ತಾವ ಬಿದ್ದದೆ, ಕೋಳಿ ಕೂಡವ್ರೆ ಅಂತ ಯಾರೋ ಮುಂಚೇನೇ ಯೋಳಿದ್ರು.”

“ಗೊತ್ತಿದ್ದೂ ಯಾಕೆ ಕೇಳಿದ್ರು?”

“ಬಾಯ್ತಪ್ಪಿ ಬಂದ್ಬುಡ್ತಂತೆ. ಮನೇಗ್ ಬಂದು ಕೂತ್ಕಂಡು ಒಂದೇ ಸಮ ಅದನ್ನೇ ಆಡ್ಕಂಡ್ರು. ‘ಪಾಪ, ಕಾರು ಓಯ್ತು ಅನ್ನಕ್ಕೆ ಅವ್ರ್ಗೆ ಬಾಯೇ ಬರ್ಲಿಲ್ಲ ಕಣೇ. ಅಷ್ಟು ಜನದ್ ಮುಂದೆ ನಾನು ಅವ್ರ್ನ ಕೇಳ್ಬಾರ್ದಾಗಿತ್ತು’ ಅಂತ.”

ಆಕೆ ಮೊರ ಎತ್ತಿಕೊಂಡು ಒಳಗೆ ಹೋದರು. “ಕಾಪಿ ಕಾಯುಸ್ತೀನಿ ಇರಿ, ಕುಡ್ಕಂಡ್ ಓಗೀರಂತೆ” ಎಂದು ಒಳಗಿನಿಂದ ಕೂಗಿದರು. ನಾನು ಬೇಡ ಎನ್ನಲಿಲ್ಲ.